ಗುಂಡು ನಿರೋಧಕ ಕವಚಗಳ ಪರೀಕ್ಷಾ ಸಾಧನಗಳ ಸರ್ಕಾರಿ ಖರೀದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬುಲೆಟ್ ಪ್ರೂಫ್ ಜಾಕೆಟ್, ಹೆಲ್ಮೆಟ್, ರಕ್ಷಣಾ ಫಲಕಗಳ ಮೇಲೆ ಸಂಶೋಧನೆ ನಡೆಸಲು ಹೊರಟ ಅಧ್ಯಾಪಕರು, ಸ್ಟೋರ್ಸ್ ವಿಭಾಗದ ಸಿಬ್ಬಂದಿ, ಮೊದಲ ಬಾರಿ ಟೆಂಡರ್ ಹಾಕುವ ಸಣ್ಣ ಸರಬರಾಜುದಾರರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಿಯಮಗಳಲ್ಲಿನ ಮೊತ್ತದ ಮಿತಿಗಳು ಆಗಾಗ ಬದಲಾಗುತ್ತವೆ. ಕಡತ ಮಂಡಿಸುವ ದಿನ ಜಾರಿಯಲ್ಲಿರುವ ಆದೇಶವನ್ನು ಒಮ್ಮೆ ನೋಡಿಕೊಳ್ಳಿ.

## ಮೂಲ ಸಂಗತಿಗಳು

ಜಾಕೆಟ್ ಪರೀಕ್ಷೆ ಎಂದರೆ ಬಂದೂಕಿನಿಂದ ಹೊಡೆದು ನೋಡುವುದು ತಾನೇ? ಅದಕ್ಕೆ ಇಷ್ಟೊಂದು ಯಂತ್ರ ಏಕೆ?

ಹೊಡೆದು ನೋಡಿದರೆ ಗುಂಡು ಒಳಹೊಕ್ಕಿತೋ ಇಲ್ಲವೋ ಎಂಬುದಷ್ಟೇ ಗೊತ್ತಾಗುತ್ತದೆ. ಸಂಶೋಧಕನಿಗೆ ಬೇಕಾದದ್ದು ಅದಕ್ಕಿಂತ ಹೆಚ್ಚು: ಯಾವ ವೇಗದ ಗುಂಡು, ಯಾವ ಕೋನದಲ್ಲಿ, ಎಲ್ಲಿ ಬಡಿಯಿತು, ಕವಚದ ಹಿಂದೆ ದೇಹದ ಜಾಗದಲ್ಲಿ ಎಷ್ಟು ಆಳದ ತಗ್ಗು ಬಿತ್ತು, ನಾಳೆ ಬೇರೊಬ್ಬರು ಮಾಡಿದರೂ ಅದೇ ಉತ್ತರ ಬರುತ್ತದೆಯೇ. ಎಂಟು ಗ್ರಾಂ ತೂಕದ ಗುಂಡು ಸೆಕೆಂಡಿಗೆ 710 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ ಸುಮಾರು 2,000 ಜೂಲ್. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುವುದರಿಂದ ಅಳತೆಯ ಸಣ್ಣ ತಪ್ಪೂ ಫಲಿತಾಂಶದಲ್ಲಿ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಹೆಗಲಿಗೆ ಆನಿಸಿ ಹೊಡೆಯುವ ಬಂದೂಕಿನ ಬದಲು ಭಾರವಾದ ನೆಲೆಗೆ ಬಿಗಿದ, ನಳಿಕೆ ಬದಲಾಯಿಸಬಹುದಾದ, ದೂರದಿಂದ ಹಾರಿಸುವ ‘ಯುನಿವರ್ಸಲ್ ರಿಸೀವರ್’ ಬಳಸುತ್ತಾರೆ. ಉಳಿದ ಸಾಧನಗಳೆಲ್ಲ ಅಳೆಯಲು ಇರುವಂಥವು. ಖರ್ಚಿನ ಬಹುಪಾಲು ಹೋಗುವುದು ಈ ಅಳತೆಗೇ.

ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಬ್ಯಾಲಿಸ್ಟಿಕ್ಸ್ ವಿಭಾಗ ಇದೆಯಲ್ಲ, ಅಲ್ಲೇ ಪರೀಕ್ಷೆ ಮಾಡಿಸಬಾರದೇ?

ಅವರ ಕೆಲಸ ಬೇರೆ. ಯಾವ ಗುಂಡು ಯಾವ ಬಂದೂಕಿನಿಂದ ಬಂತು ಎಂದು ಹೋಲಿಕೆ ಸೂಕ್ಷ್ಮದರ್ಶಕದಲ್ಲಿ ನೋಡಿ ನ್ಯಾಯಾಲಯಕ್ಕೆ ಹೇಳುವುದು ಅವರ ಹೊಣೆ. ಗುರಿಗೆ ಬಡಿದ ಗುಂಡಿಗೂ ಗುರಿಗೂ ಏನಾಗುತ್ತದೆ ಎಂಬುದು ಟರ್ಮಿನಲ್ ಬ್ಯಾಲಿಸ್ಟಿಕ್ಸ್. ಇವೆರಡರ ಸಾಧನಪಟ್ಟಿಯಲ್ಲಿ ಹೊಂದುವುದು ಬಹಳ ಕಡಿಮೆ. ವಿಧಿವಿಜ್ಞಾನ ಪ್ರಯೋಗಾಲಯವೊಂದರ ಹಳೆಯ ಟೆಂಡರ್ ದಾಖಲೆಯನ್ನು ನಕಲು ಮಾಡಿ ಕವಚ ಸಂಶೋಧನೆಗೆ ಇಂಡೆಂಟ್ (ಖರೀದಿ ಬೇಡಿಕೆ) ಹಾಕಿದ ಕಡತಗಳು ನನ್ನ ಕಣ್ಣಿಗೆ ಬಿದ್ದಿವೆ. ಗುಂಡು ಹಿಡಿಯುವ ನೀರಿನ ತೊಟ್ಟಿ ಅವುಗಳಲ್ಲಿತ್ತು, ವೇಗ ಅಳೆಯುವ ಸಾಧನ ಇರಲಿಲ್ಲ.

ಭಾರತದಲ್ಲಿ ಈ ಕೆಲಸ ಎಲ್ಲೆಲ್ಲಿ ನಡೆಯುತ್ತದೆ?

ಡಿಆರ್‌ಡಿಒದ ಟರ್ಮಿನಲ್ ಬ್ಯಾಲಿಸ್ಟಿಕ್ಸ್ ರಿಸರ್ಚ್ ಲ್ಯಾಬೊರೇಟರಿ, ಅಂದರೆ ಟಿಬಿಆರ್‌ಎಲ್, ಚಂಡೀಗಢದಲ್ಲಿದೆ. 1961ರಲ್ಲಿ ಸ್ಥಾಪನೆಯಾದ ಇದರ ಫೈರಿಂಗ್ ರೇಂಜ್ ಹರಿಯಾಣದ ರಾಮಗಢದಲ್ಲಿದೆ. ಕವಚದ ವಸ್ತುಗಳ ಮೇಲೆ ಕೆಲಸ ಮಾಡುವ ಡಿಆರ್‌ಡಿಒದ ಇನ್ನೊಂದು ಪ್ರಯೋಗಾಲಯ ಡಿಎಂಎಸ್‌ಆರ್‌ಡಿಇ ಕಾನ್ಪುರದಲ್ಲಿದೆ. ಕಾನ್ಪುರದವರು ರೂಪಿಸಿದ ಹಗುರ ಜಾಕೆಟ್ಟು 7.62×54 ಆರ್ ಎಪಿಐ (ಕವಚ ಭೇದಿಸಿ ಬೆಂಕಿ ಹಚ್ಚುವ) ಗುಂಡನ್ನು ತಡೆಯಿತೆಂದು 2024ರಲ್ಲಿ ಪ್ರಕಟಣೆ ಬಂದಾಗ ಆ ಪರೀಕ್ಷೆ ನಡೆದದ್ದು ಟಿಬಿಆರ್‌ಎಲ್‌ನಲ್ಲಿ. ತಯಾರಿಸಿದವರು ಒಬ್ಬರು, ಪರೀಕ್ಷಿಸಿದವರು ಇನ್ನೊಬ್ಬರು. ಈ ವಿಂಗಡಣೆ ಒಳ್ಳೆಯದು. ಅದೇ ವರ್ಷ ದೆಹಲಿ ಐಐಟಿಯಲ್ಲಿರುವ ಡಿಆರ್‌ಡಿಒ ಕೇಂದ್ರದಿಂದ ‘ಅಭೇದ್’ ಜಾಕೆಟ್ಟುಗಳು ಬಂದವು. ಶಿಕ್ಷಣ ಸಂಸ್ಥೆ ಈ ಕ್ಷೇತ್ರಕ್ಕೆ ಇಳಿಯಲು ಅದು ಒಳ್ಳೆಯ ಮಾದರಿ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. 2009ರಲ್ಲಿ ಸೇನೆಗೆ 1,86,138 ಜಾಕೆಟ್ ಕೊಳ್ಳಲು ಒಪ್ಪಿಗೆ ಸಿಕ್ಕರೂ ಒಪ್ಪಂದ ಕೈಗೂಡಿದ್ದು 2018ರಲ್ಲಿ, 639 ಕೋಟಿ ರೂಪಾಯಿಗೆ. ನಡುವೆ ಕೊರತೆ ತುಂಬಲು 2016ರಲ್ಲಿ 50,000 ಜಾಕೆಟ್‌ಗಳ ತುರ್ತು ಆದೇಶ ಹೋದದ್ದು ಬೆಂಗಳೂರಿನ ಟಾಟಾ ಅಡ್ವಾನ್ಸ್ಡ್ ಮೆಟೀರಿಯಲ್ಸ್‌ಗೆ.

ಯಾವ ಮಾನಕ ಹಿಡಿಯಬೇಕು? ಅಮೆರಿಕದ್ದೋ ನಮ್ಮದೋ?

ಇಂಡೆಂಟ್ ಬರೆಯುವ ಮೊದಲೇ ತೀರ್ಮಾನಿಸಬೇಕಾದ ವಿಷಯ ಇದು. ಭಾರತೀಯ ಮಾನಕ ಬ್ಯೂರೋ ಹೊರಡಿಸಿದ ಐಎಸ್ 17051:2018 ಗುಂಡು ನಿರೋಧಕ ಜಾಕೆಟ್‌ಗೆ ನಮ್ಮದೇ ರಾಷ್ಟ್ರೀಯ ಮಾನಕ. ಅದರಲ್ಲಿ ಬೆದರಿಕೆಯ ಆರು ಮಟ್ಟಗಳಿವೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್, ಅಂದರೆ ಎನ್‌ಐಜೆ, ಹೊರಡಿಸಿದ ಮಾನಕ 0101.06 ಬಂದದ್ದು 2008ರಲ್ಲಿ, ಅದರ ಮುಂದಿನ 0101.07 ಬಂದದ್ದು 2023ರ ಕೊನೆಗೆ. ಸ್ಫೋಟದಲ್ಲಿ ಸಿಡಿಯುವ ಚೂರುಗಳ ತಡೆಗೆ ನೇಟೊದ ಸ್ಟಾನಾಗ್ 2920 ಬಳಕೆಯಲ್ಲಿದೆ. ನಮ್ಮ ಪಡೆಗಳಿಗೆ ಉಪಯೋಗವಾಗುವ ಸಂಶೋಧನೆಯಾದರೆ ಐಎಸ್ ಮೊದಲು. ಅಂತರರಾಷ್ಟ್ರೀಯ ಹೋಲಿಕೆ ಬೇಕಾದರೆ ಎನ್‌ಐಜೆ ಜೊತೆಗೆ. ಮಾನಕ ಬದಲಾದರೆ ನಳಿಕೆ, ಮದ್ದುಗುಂಡು, ಗುರಿಯ ದೂರ ಎಲ್ಲ ಬದಲಾಗುತ್ತವೆ. ಎನ್‌ಐಜೆಯಲ್ಲಿ ಪಿಸ್ತೂಲಿನ ಗುಂಡಿಗೆ 5 ಮೀಟರ್, ರೈಫಲ್ಲಿಗೆ 15 ಮೀಟರ್ ದೂರ. ಹತ್ತು ಮೀಟರ್ ಉದ್ದದ ಕೋಣೆ ಕಟ್ಟಿಸಿದ ಮೇಲೆ ಈ ಸಾಲನ್ನು ಓದಿದರೆ ಪ್ರಯೋಜನವಿಲ್ಲ.

## ಸಾಧನಗಳ ಬಗ್ಗೆ

ಪಟ್ಟಿಯಲ್ಲಿ ಏನೇನು ಇರಬೇಕು? ಸಾಮಾನ್ಯವಾಗಿ ಬಿಟ್ಟುಹೋಗುವುದು ಯಾವುದು?

ರಿಸೀವರ್, ನಳಿಕೆಗಳು, ದೂರನಿಯಂತ್ರಿತ ಹಾರಿಸುವ ವ್ಯವಸ್ಥೆ, ವೇಗ ಅಳೆಯುವ ಪರದೆಗಳು, ಗುರಿ ಹಿಡಿಯುವ ಚೌಕಟ್ಟು, ಕವಚದ ಹಿಂದೆ ದೇಹದ ಜಾಗದಲ್ಲಿಡುವ ಜೇಡಿಯ ಪೆಟ್ಟಿಗೆ, ತಗ್ಗಿನ ಆಳ ಅಳೆಯುವ ಸಾಧನ, ಗುಂಡು ತಡೆಯುವ ಹಿಂಗೋಡೆ. ಇಷ್ಟನ್ನು ಯಾರೂ ಮರೆಯುವುದಿಲ್ಲ. ಹೆಲ್ಮೆಟ್ ಪರೀಕ್ಷೆಯಿದ್ದರೆ ತಲೆಯ ಅಚ್ಚುಗಳು ಬೇಕು.

ಮರೆಯುವುದು ಬೇರೆ ವಸ್ತುಗಳನ್ನು. ಜೇಡಿ ಕಾಯಿಸುವ ಒಲೆ. ಜೇಡಿ ತುಂಬಿದ ಪೆಟ್ಟಿಗೆ ಇಬ್ಬರು ಸೇರಿದರೂ ಸುಲಭವಾಗಿ ಎತ್ತಲಾಗದಷ್ಟು ಭಾರ, ಅದನ್ನು ಸಾಗಿಸುವ ತಳ್ಳುಗಾಡಿ. ಮದ್ದಿನ ಪ್ರಮಾಣ ಬದಲಿಸಿ ವೇಗ ಹೊಂದಿಸಲು ಬೇಕಾದ ಕೈಭರ್ತಿ ಸಲಕರಣೆ ಮತ್ತು ಸೂಕ್ಷ್ಮ ತಕ್ಕಡಿ. ಸೀಸದ ಧೂಳು, ಹೊಗೆ ಹೊರಹಾಕುವ ಗಾಳಿ ವ್ಯವಸ್ಥೆ. ಬಾಗಿಲು ತೆರೆದಿದ್ದರೆ ಹಾರದಂತೆ ತಡೆಯುವ ಇಂಟರ್‌ಲಾಕ್. ಗಾಳಿ ವ್ಯವಸ್ಥೆಯನ್ನು ‘ಸಿವಿಲ್ ಕೆಲಸ’ ಎಂದು ಕಟ್ಟಡ ವಿಭಾಗಕ್ಕೂ, ‘ಯಂತ್ರದ ಭಾಗ’ ಎಂದು ಖರೀದಿ ವಿಭಾಗಕ್ಕೂ ತಳ್ಳಾಡಿ ಕೊನೆಗೆ ಯಾರೂ ಕೊಳ್ಳದೇ ಉಳಿಯುವುದು ಮಾಮೂಲಿ.

ವೇಗ ಅಳೆಯಲು ಎರಡೆರಡು ವ್ಯವಸ್ಥೆ ಏಕೆ? ಆಡಿಟ್‌ನವರು ದುಪ್ಪಟ್ಟು ಖರೀದಿ ಎನ್ನುತ್ತಾರೆ.

ಆಡಿಟ್‌ನವರಿಗೆ ಈ ಲೆಕ್ಕ ತೋರಿಸಿ. ಎನ್‌ಐಜೆಯಲ್ಲಿ ರೈಫಲ್ ಗುಂಡಿನ ಒಂದು ಪರೀಕ್ಷಾ ವೇಗ ಸೆಕೆಂಡಿಗೆ 847 ಮೀಟರ್. ಹೆಚ್ಚು ಕಡಿಮೆ 9.1 ಮೀಟರ್‌ಗಷ್ಟೇ ಅವಕಾಶ. ಗುಂಡು ದಾಟುವ ಎರಡು ಬೆಳಕಿನ ಪರದೆಗಳ ನಡುವೆ ಒಂದು ಮೀಟರ್ ಅಂತರ ಇಟ್ಟಿದ್ದೀರಿ ಎನ್ನಿ. ಗುಂಡು ಅದನ್ನು ದಾಟಲು ಹಿಡಿಯುವುದು ಸುಮಾರು 1,180 ಮೈಕ್ರೊಸೆಕೆಂಡ್. ಗಡಿಯಾರ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ಆಗುವ ದೋಷ ಸೆಕೆಂಡಿಗೆ ಮುಕ್ಕಾಲು ಮೀಟರಿನಷ್ಟು, ಸಹಿಸಬಹುದು. ಆದರೆ ಪರದೆಯ ಕಾಲನ್ನು ಯಾರೋ ಒರೆಸುವಾಗ ತಳ್ಳಿ ಅಂತರ ಒಂದು ಸೆಂಟಿಮೀಟರ್ ಬದಲಾಗಿದ್ದರೆ ದೋಷ ಎಂಟೂವರೆ ಮೀಟರ್. ಮಾನಕ ಕೊಟ್ಟ ಅವಕಾಶವೆಲ್ಲ ಅಲ್ಲಿಗೇ ಮುಗಿಯಿತು. ಒಂದೇ ಸಾಧನವಿದ್ದರೆ ಈ ತಪ್ಪು ಯಾರಿಗೂ ಕಾಣುವುದಿಲ್ಲ. ಪ್ರತಿ ಓದೂ ಅಷ್ಟೇ ತಪ್ಪಾಗಿ, ಅಷ್ಟೇ ನಂಬಿಕೆ ಹುಟ್ಟಿಸುವಂತೆ ಬರುತ್ತದೆ. ಎರಡು ಸ್ವತಂತ್ರ ಅಳತೆಗಳಿರಬೇಕು, ಅವು ಪರಸ್ಪರ ಹೊಂದಬೇಕು ಎಂದು ಮಾನಕವೇ ಹೇಳುವುದು ಇದಕ್ಕಾಗಿ. ಇಂಡೆಂಟಿನ ಸಮರ್ಥನೆಯಲ್ಲಿ ಮಾನಕದ ಆ ಕಲಮನ್ನು ಉಲ್ಲೇಖಿಸಿದರೆ ಆಕ್ಷೇಪಣೆ ಬಿದ್ದುಹೋಗುತ್ತದೆ. ಎರಡನೆಯದು ರೇಡಿಯೊ ಅಲೆಗಳಿಂದ ವೇಗ ಅಳೆಯುವ ಡಾಪ್ಲರ್ ರೇಡಾರ್ ಆಗಿದ್ದರೆ ಇನ್ನೂ ಒಳ್ಳೆಯದು. ಎರಡಕ್ಕೂ ಒಂದೇ ಬಗೆಯ ದೋಷ ತಗಲುವುದಿಲ್ಲ.

ಜೇಡಿಯನ್ನು ವಿದೇಶದಿಂದ ತರಿಸಬೇಕೇ? ನಮ್ಮೂರ ಕುಂಬಾರಿಕೆಯ ಮಣ್ಣು ಆಗದೇ?

ಆಗದು. ಬಳಸುವುದು ‘ರೋಮಾ ಪ್ಲಾಸ್ಟಿಲಿನಾ ನಂ. 1’ ಎಂಬ, ಶಿಲ್ಪಿಗಳಿಗಾಗಿ ತಯಾರಾಗುವ ಎಣ್ಣೆಜೇಡಿ. ಗುಂಡು ಬಡಿದಾಗ ಅದು ತಗ್ಗಾಗುತ್ತದೆ, ಮರಳಿ ಉಬ್ಬುವುದಿಲ್ಲ. ಕವಚದ ಹಿಂದಿನ ಗಾಯದ ಆಳವನ್ನು ಅದರಲ್ಲಿ ಅಳೆಯುತ್ತಾರೆ; ಎನ್‌ಐಜೆಯ ಮಿತಿ 44 ಮಿ.ಮೀ. ಈ ಸಂಖ್ಯೆಯ ಮೂಲ 1970ರ ದಶಕದಲ್ಲಿ ಅಮೆರಿಕದಲ್ಲಿ ಮೇಕೆಗಳ ಮೇಲೆ ನಡೆದ ಪ್ರಯೋಗಗಳು. ಅರ್ಧ ಶತಮಾನದ ನಂತರವೂ ಜಗತ್ತು ಅದಕ್ಕೇ ಜೋತುಬಿದ್ದಿರುವುದು ಈ ಕ್ಷೇತ್ರದ ಒಂದು ಸೋಜಿಗ.

ಜೇಡಿ ಸರಿಯಾಗಿದೆಯೇ ಎಂದು ನೋಡುವ ಬಗೆ ಸರಳ. 63.5 ಮಿ.ಮೀ. ವ್ಯಾಸದ, ಒಂದು ಕಿಲೋಗಿಂತ ತುಸು ಹೆಚ್ಚು ತೂಗುವ ಉಕ್ಕಿನ ಗೋಳವನ್ನು ಎರಡು ಮೀಟರ್ ಎತ್ತರದಿಂದ ಐದು ಕಡೆ ಬೀಳಿಸುತ್ತಾರೆ. ತಗ್ಗುಗಳ ಸರಾಸರಿ ಆಳ 19 ಮಿ.ಮೀ. ಸುತ್ತಮುತ್ತ, ಎರಡು ಮಿ.ಮೀ. ಒಳಗೇ ಇರಬೇಕು. ಈಚಿನ ಜೇಡಿಯ ಮಿಶ್ರಣ ಹಿಂದಿನದಕ್ಕಿಂತ ಗಡಸಾದ್ದರಿಂದ ಕಾಯಿಸದೆ ಈ ಆಳ ಬರುವುದಿಲ್ಲ. ಒಲೆಯಿಂದ ತೆಗೆದ ಗಳಿಗೆಯಿಂದಲೇ ಅದು ತಣಿಯತೊಡಗುತ್ತದೆ. ಅದಕ್ಕೇ ಎರಡು ಮೂರು ಪೆಟ್ಟಿಗೆ ಕೊಳ್ಳಿ, ಒಂದು ಬಳಕೆಯಲ್ಲಿರುವಾಗ ಇನ್ನೊಂದು ಒಲೆಯಲ್ಲಿರಲಿ. ಜೇಡಿ ಹಳತಾದಂತೆ ಕೆಡುತ್ತದೆ, ವರ್ಷ ವರ್ಷ ಕೊಳ್ಳಬೇಕಾದ ವಸ್ತು. ಆದ್ದರಿಂದ ಯಂತ್ರದ ಲೆಕ್ಕಕ್ಕೆ ಸೇರಿಸದೆ ಬಳಕೆ ಸಾಮಗ್ರಿಯ ಲೆಕ್ಕಶೀರ್ಷಿಕೆಯಲ್ಲಿ ತೋರಿಸಿ.

ವಿ50 ಎಂದರೇನು? ಅದಕ್ಕೆ ಬೇರೆ ಯಂತ್ರ ಬೇಕೇ?

ನೂರರಲ್ಲಿ ಐವತ್ತು ಸಲ ಕವಚ ಭೇದಿಸಬಹುದಾದ ವೇಗವೇ ವಿ50. ವೇಗವನ್ನು ಏರಿಸುತ್ತ ಇಳಿಸುತ್ತ ಹಾರಿಸಿ, ಭೇದಿಸಿದವುಗಳಲ್ಲಿ ಕನಿಷ್ಠ ವೇಗದ ಕೆಲವನ್ನೂ ಭೇದಿಸದವುಗಳಲ್ಲಿ ಗರಿಷ್ಠ ವೇಗದ ಅಷ್ಟನ್ನೇ ತೆಗೆದುಕೊಂಡು ಸರಾಸರಿ ಕಟ್ಟುತ್ತಾರೆ. ಎರಡು ನೇಯ್ಗೆಗಳಲ್ಲಿ ಯಾವುದು ಮೇಲು ಎಂದು ಹೇಳಲು ಸಂಶೋಧಕರಿಗೆ ಬೇಕಾದದ್ದು ಈ ಸಂಖ್ಯೆ. ಚೂರಿನ ಪರೀಕ್ಷೆಗೆ 1.1 ಗ್ರಾಂ ತೂಕದ ಉಕ್ಕಿನ ಅಣಕು ಚೂರು ಸಾಮಾನ್ಯ. ಬೇರೆ ಯಂತ್ರ ಬೇಡ, ಆದರೆ ವೇಗವನ್ನು ಸಣ್ಣ ಹೆಜ್ಜೆಗಳಲ್ಲಿ ಬದಲಿಸುವ ಸೌಲಭ್ಯ ಬೇಕು. ಮದ್ದಿನ ಗೊಡವೆಯೇ ಬೇಡ ಎನ್ನುವ ಕಾಲೇಜುಗಳಿಗೆ ಒತ್ತಿಟ್ಟ ಅನಿಲದಿಂದ ಹಾರಿಸುವ ಗ್ಯಾಸ್ ಗನ್ ಒಳ್ಳೆಯ ದಾರಿ. ಒತ್ತಡ ತಿರುಗಿಸಿದರೆ ವೇಗ ಬದಲಾಗುತ್ತದೆ, ಪರವಾನಗಿಯ ತಲೆನೋವೂ ಕಡಿಮೆ. ಜಾಕೆಟ್ಟಿಗೆ ಪ್ರಮಾಣಪತ್ರ ಕೊಡಲು ಅದು ಸಾಲದು.

ಹವಾಮಾನ ಕೋಣೆ, ಉರುಳಿಸುವ ಯಂತ್ರ ಇವೆಲ್ಲ ಆಡಂಬರವಲ್ಲವೇ?

ಜೈಲಾನ್ ಎಂಬ ನಾರಿನ ಕಥೆ ಕೇಳಿ. ಹೊಸದಾಗಿದ್ದಾಗ ಅದರಿಂದಾದ ಜಾಕೆಟ್ಟುಗಳು ಎಲ್ಲ ಪರೀಕ್ಷೆಯನ್ನೂ ಗೆದ್ದವು. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ತೊಟ್ಟಿದ್ದ ಜಾಕೆಟ್ಟನ್ನು, ಅದು ತಡೆಯಬೇಕಾಗಿದ್ದ ಗುಂಡೇ ತೂರಿಹೋಯಿತು. ತೇವ, ಬಿಸಿ, ಬೆಳಕಿಗೆ ನಾರು ಒಳಗೊಳಗೇ ಸೋತಿತ್ತು. 2005ರಲ್ಲಿ ಎನ್‌ಐಜೆ ಅದರ ಮಾನ್ಯತೆ ಕೈಬಿಟ್ಟಿತು. 2008ರ ಮಾನಕದಲ್ಲಿ ಮೃದು ಕವಚವನ್ನು 65 ಡಿಗ್ರಿ ಸೆಲ್ಸಿಯಸ್, ಶೇ. 80 ತೇವಾಂಶದಲ್ಲಿ ಹತ್ತು ದಿನ, ಒಟ್ಟು 72,000 ಸುತ್ತು ಉರುಳಿಸಿ ಆಮೇಲೆ ಹೊಡೆಯಬೇಕೆಂಬ ನಿಯಮ ಬಂದದ್ದು ಆ ಪಾಠದಿಂದ. ಮಂಗಳೂರಿನ ಮಳೆಗಾಲದಲ್ಲೂ ಕಲಬುರಗಿಯ ಮೇ ತಿಂಗಳಲ್ಲೂ ತೊಡುವ ಕವಚದ ಮೇಲೆ ಸಂಶೋಧನೆ ಮಾಡುವವರು ಬಜೆಟ್ ಕಡಿತವಾದಾಗ ಮೊದಲು ಕೈಬಿಡಬಾರದ ಸಾಲು ಇದು.

ಒಟ್ಟು ಎಷ್ಟು ಹಣ ಬೇಕಾದೀತು?

ಸಾಧನಗಳ ಆಯ್ಕೆಯ ಮೇಲೆ ಅಂತರ ಹತ್ತು ಪಟ್ಟು ಆಗಬಹುದಾದ್ದರಿಂದ ಒಂದು ಅಂಕಿ ಹೇಳುವುದು ದಾರಿ ತಪ್ಪಿಸಿದಂತೆ. ಕನಿಷ್ಠ ಮೂರು ಸಂಸ್ಥೆಗಳಿಂದ ಅಂದಾಜು ದರಪಟ್ಟಿ ತರಿಸಿ. ಕೋಣೆ ಮತ್ತು ಗಾಳಿ ವ್ಯವಸ್ಥೆ, ಸಾಧನ, ಐದು ವರ್ಷದ ಬಳಕೆ ಸಾಮಗ್ರಿ ಮತ್ತು ನಿರ್ವಹಣೆ ಎಂದು ಮೂರು ಭಾಗ ಮಾಡಿ ಬೇಡಿಕೆ ಇಡಿ. ಮೂರನೆಯ ಭಾಗಕ್ಕೆ ಹಣ ಸಿಗದಿದ್ದರೆ ಎರಡನೆಯದನ್ನು ಕಿರಿದು ಮಾಡಿಕೊಳ್ಳುವುದೇ ಜಾಣತನ.

## ಖರೀದಿಯ ದಾರಿ

ಇದನ್ನೂ ಸರ್ಕಾರದ ಆನ್‌ಲೈನ್ ಮಾರುಕಟ್ಟೆಯಾದ ಜೆಮ್‌ನಲ್ಲೇ ಕೊಳ್ಳಬೇಕೇ?

ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017, ಅಂದರೆ ಜಿಎಫ್‌ಆರ್, ಅದರ ನಿಯಮ 149ರಂತೆ ಜೆಮ್‌ನಲ್ಲಿ ಸಿಗುವ ವಸ್ತುವನ್ನು ಜೆಮ್‌ನಲ್ಲೇ ಕೊಳ್ಳಬೇಕು. ತಕ್ಕಡಿ, ಒಲೆ, ಕಂಪ್ಯೂಟರ್ ಅಲ್ಲಿ ಸಿಗುತ್ತವೆ. ರಿಸೀವರ್, ಬೆಳಕಿನ ಪರದೆಗಳು ಸಾಮಾನ್ಯವಾಗಿ ಸಿಗವು. ಆಗ ಅಲ್ಲಿ ಲಭ್ಯವಿಲ್ಲ ಎಂಬ ವರದಿಯನ್ನು ಜೆಮ್‌ನಿಂದಲೇ ತೆಗೆದು ಕಡತದಲ್ಲಿಟ್ಟು ಹೊರಗೆ ಟೆಂಡರ್ ಕರೆಯಬೇಕು. ವೈಜ್ಞಾನಿಕ ಇಲಾಖೆಗಳು ಮತ್ತು ಸಂಶೋಧನಾ ಸಂಸ್ಥೆಗಳಿಗೆ ಇದರಲ್ಲಿ ಸಡಿಲಿಕೆ ಬಂದಿದೆ. 2025ರ ಜೂನ್‌ನಲ್ಲಿ ಅವುಗಳ ಮಿತಿಗಳನ್ನು ಏರಿಸಲಾಯಿತು: ದರಪಟ್ಟಿ ಇಲ್ಲದ ನೇರ ಖರೀದಿ ಒಂದರಿಂದ ಎರಡು ಲಕ್ಷಕ್ಕೆ, ಖರೀದಿ ಸಮಿತಿಯ ಮೂಲಕ ಹತ್ತರಿಂದ ಇಪ್ಪತ್ತೈದು ಲಕ್ಷಕ್ಕೆ. ಡಿಆರ್‌ಡಿಒಗೆ ತನ್ನದೇ ಖರೀದಿ ಕೈಪಿಡಿ ಇದೆ.

ನಮ್ಮದು ರಾಜ್ಯ ಸರ್ಕಾರದ ವಿಶ್ವವಿದ್ಯಾಲಯ. ಜಿಎಫ್‌ಆರ್ ನಮಗೂ ಅನ್ವಯಿಸುತ್ತದೆಯೇ?

ಕರ್ನಾಟಕದ ರಾಜ್ಯ ಸಂಸ್ಥೆಗಳಿಗೆ 1999ರ ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ರಾಜ್ಯ ಕಾಯ್ದೆ) ಅನ್ವಯಿಸುತ್ತದೆ, ಟೆಂಡರ್ ರಾಜ್ಯದ ಇ-ಸಂಗ್ರಹಣಾ ಪೋರ್ಟಲ್‌ನಲ್ಲಿ ಹೋಗಬೇಕು. ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿ, ಬೆಂಗಳೂರಿನ ಐಐಎಸ್‌ಸಿಯಂಥವು ಜಿಎಫ್‌ಆರ್ ಕಡೆಯವು. ತೊಡಕಾಗುವುದು ರಾಜ್ಯದ ಸಂಸ್ಥೆ ಕೇಂದ್ರದ ಅನುದಾನದಲ್ಲಿ ಕೊಳ್ಳುವಾಗ. ಹಣ ಬಳಕೆಯ ಪ್ರಮಾಣಪತ್ರವನ್ನು ಜಿಎಫ್‌ಆರ್ 12-ಎ ನಮೂನೆಯಲ್ಲಿ ಕೊಡಬೇಕು, ಟೆಂಡರನ್ನು ಕೆಟಿಪಿಪಿಯಂತೆ ಕರೆಯಬೇಕು. ಮಂಜೂರಾತಿ ಪತ್ರದ ಷರತ್ತುಗಳನ್ನು ಹಣಕಾಸು ಅಧಿಕಾರಿಯ ಮುಂದಿಟ್ಟು, ಅವರ ಅಭಿಪ್ರಾಯವನ್ನು ಟಿಪ್ಪಣಿ ಹಾಳೆಯಲ್ಲಿ ಬರೆಸಿಕೊಂಡೇ ಮುಂದುವರಿಯಿರಿ. ಟೆಂಡರ್ ಇಲ್ಲದೆ ಕೊಳ್ಳಲು ಕೆಟಿಪಿಪಿಯ 4(ಜಿ) ವಿನಾಯಿತಿ ತಂದುಕೊಳ್ಳೋಣ ಎನ್ನುವ ಸಲಹೆಗಾರರು ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಅದು ಸರ್ಕಾರದ ಮಟ್ಟದಲ್ಲಿ ಆಗಬೇಕಾದ ಕೆಲಸ, ಬೇಗ ಆಗುವಂಥದ್ದಲ್ಲ.

ತಾಂತ್ರಿಕ ವಿವರಣೆಯನ್ನು ಕಂಪನಿಯ ಕೈಪಿಡಿಯಿಂದಲೇ ತೆಗೆದುಕೊಂಡರೆ ತಪ್ಪೇನು?

ತಪ್ಪು ಎರಡು. ಒಂದೇ ಕಂಪನಿಗೆ ಹೊಂದುವ ವಿವರಣೆ ಎಂದು ಉಳಿದವರು ದೂರು ಕೊಡುತ್ತಾರೆ, ಟೆಂಡರ್ ರದ್ದಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಎಂದರೆ, ಕೈಪಿಡಿಯಲ್ಲಿರುವುದು ಮಾರುವವನ ಹೆಮ್ಮೆ. ನಿಮ್ಮ ಅಗತ್ಯ ಅಲ್ಲಿ ಇರುವುದಿಲ್ಲ.

ಹೈಸ್ಪೀಡ್ ಕ್ಯಾಮೆರಾವನ್ನೇ ನೋಡಿ. ‘ಸೆಕೆಂಡಿಗೆ ಲಕ್ಷಾಂತರ ಚಿತ್ರ’ ಎಂದು ದಪ್ಪ ಅಕ್ಷರದಲ್ಲಿರುತ್ತದೆ. ಆ ವೇಗದಲ್ಲಿ ಚಿತ್ರ ಅಂಚೆಚೀಟಿಯಷ್ಟಾಗುತ್ತದೆ ಎಂಬುದು ಕೊನೆಯ ಪುಟದ ಕೋಷ್ಟಕದಲ್ಲಿ ಅಡಗಿರುತ್ತದೆ. ಸೆಕೆಂಡಿಗೆ 850 ಮೀಟರ್ ಓಡುವ ಗುಂಡು ಹತ್ತು ಸಾವಿರ ಚಿತ್ರಗಳ ವೇಗದಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಎಂಟೂವರೆ ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕವಚದ ದಪ್ಪ ಅದಕ್ಕಿಂತ ಕಡಿಮೆ, ಅಂದರೆ ನಿಮಗೆ ಬೇಕಾದ ಘಟನೆ ಎರಡು ಚಿತ್ರಗಳ ನಡುವೆಯೇ ಮುಗಿದಿರುತ್ತದೆ. ಒಂದು ಲಕ್ಷದಲ್ಲಾದರೆ ಎಂಟೂವರೆ ಮಿಲಿಮೀಟರ್. ಚಿತ್ರ ಕಲಸಿಹೋಗದಿರಲು ಬೆಳಕು ಬೀಳುವ ಅವಧಿ ಒಂದು ಮೈಕ್ರೊಸೆಕೆಂಡಿಗಿಂತ ಹೆಚ್ಚಿರಬಾರದು. ಆದ್ದರಿಂದ ಹೀಗೆ ಬರೆಯಿರಿ: ‘ಸೆಕೆಂಡಿಗೆ ಇಷ್ಟು ಮೀಟರ್ ವೇಗದ ಗುಂಡು, ಇಷ್ಟು ಅಗಲದ ನೋಟದಲ್ಲಿ, ಒಂದು ಮಿ.ಮೀ.ಗಿಂತ ಕಡಿಮೆ ಕಲಸಿನೊಂದಿಗೆ, ಇಷ್ಟು ಬಿಂದುಗಳ ಚಿತ್ರವಾಗಿ ಕಾಣಬೇಕು. ಒಪ್ಪಿಸುವಾಗ ಇದನ್ನು ತೋರಿಸಬೇಕು.’ ಹಾಗೆ ಬರೆದರೆ ಬ್ರಾಂಡಿನ ಹೆಸರು ಬೇಡವೇ ಬೇಡ, ಯೋಗ್ಯತೆ ಇಲ್ಲದವರು ತಾವಾಗಿ ಹಿಂದೆ ಸರಿಯುತ್ತಾರೆ.

ಒಂದೇ ಕಂಪನಿ ಇದನ್ನು ತಯಾರಿಸುವುದು. ಪ್ರೊಪ್ರೈಟರಿ ಎಂದು ನೇರವಾಗಿ ಕೊಳ್ಳಬಹುದೇ?

ಜಿಎಫ್‌ಆರ್ ನಿಯಮ 166ರಲ್ಲಿ ಅವಕಾಶವಿದೆ. ಬೇರೆ ಯಾವ ತಯಾರಿಕೆಯೂ ಏಕೆ ಒಪ್ಪಿತವಲ್ಲ ಎಂದು ಕಾರಣ ಬರೆದು ಪ್ರಮಾಣಪತ್ರಕ್ಕೆ ಸಹಿ ಹಾಕುವವರು ನೀವು, ಕಂಪನಿಯಲ್ಲ. ನಿಮ್ಮಲ್ಲಿ ಈಗಾಗಲೇ ಇರುವ ರಿಸೀವರ್‌ಗೆ ಹೊಸ ನಳಿಕೆ ಬೇಕಾದರೆ ಈ ಕಾರಣ ಗಟ್ಟಿ. ಹೊಸ ರಿಸೀವರ್‌ಗೆ ಗಟ್ಟಿಯಲ್ಲ. ಜಗತ್ತಿನಲ್ಲಿ ಅದನ್ನು ಮಾಡುವವರು ಹಲವರಿದ್ದಾರೆ.

ಎಲ್-1ಗೆ ಕೊಡಲೇಬೇಕು ಎಂದರೆ ಕಳಪೆ ಯಂತ್ರವೇ ಬರುವುದಲ್ಲವೇ?

ಈ ದೂರನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಎಲ್-1 ಎಂದರೆ ತಾಂತ್ರಿಕವಾಗಿ ಅರ್ಹರಾದವರಲ್ಲಿ ಕಡಿಮೆ ದರದವರು. ನಿಯಮ 163ರ ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಬಿಡ್ಡನ್ನು ಮೊದಲು ತೆರೆದು, ಅನರ್ಹರ ದರಪಟ್ಟಿಯನ್ನು ತೆರೆಯದೇ ಬಿಡುತ್ತಾರೆ. ಕಳಪೆ ಯಂತ್ರ ಅರ್ಹವಾಗಿ ಬಂತೆಂದರೆ ನಿಮ್ಮ ವಿವರಣೆಯಲ್ಲಿ ತೂತಿತ್ತು. ಏನು ಬೇಕೆಂದು ನಿಮಗೇ ಸ್ಪಷ್ಟವಿಲ್ಲದಿದ್ದರೆ ಟೆಂಡರಿಗೂ ಮೊದಲೇ ಸರಬರಾಜುದಾರರನ್ನು ಕರೆದು ಆಸಕ್ತಿ ವ್ಯಕ್ತಪಡಿಸುವಿಕೆಯ ಮೂಲಕ ಚರ್ಚಿಸಿ. ಪ್ರಿ-ಬಿಡ್ ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಟ್ಟು ತಿದ್ದುಪಡಿಯನ್ನು ಎಲ್ಲರಿಗೂ ಪ್ರಕಟಿಸಿ. ದರ ತೆರೆದ ಮೇಲೆ ಮಾನದಂಡ ಬದಲಿಸುವಂತಿಲ್ಲ, ಎಷ್ಟೇ ಹೊಟ್ಟೆ ಉರಿದರೂ.

ದರ ಹೋಲಿಸುವಾಗ ಮೂರರಿಂದ ಐದು ವರ್ಷದ ನಿರ್ವಹಣೆ, ಕ್ಯಾಲಿಬ್ರೇಷನ್ ವೆಚ್ಚವನ್ನೂ ಸೇರಿಸಲಾಗುವುದೆಂದು ಟೆಂಡರಿನಲ್ಲೇ ಬರೆದಿದ್ದರೆ ಅಗ್ಗದ ಯಂತ್ರ, ದುಬಾರಿ ಸೇವೆ ಎಂಬ ಹಳೆಯ ಆಟ ನಡೆಯುವುದಿಲ್ಲ.

ವಿದೇಶಿ ಯಂತ್ರವೇ ಬೇಕು. ಗ್ಲೋಬಲ್ ಟೆಂಡರ್ ಕರೆಯಬಹುದೇ?

2020ರ ಮೇ ತಿಂಗಳಿಂದ 200 ಕೋಟಿ ರೂಪಾಯಿವರೆಗಿನ ಖರೀದಿಗೆ ಜಾಗತಿಕ ಟೆಂಡರ್ ಕರೆಯಬೇಕಾದರೆ ವಿಶೇಷ ಒಪ್ಪಿಗೆ ಬೇಕು. ಸಂಶೋಧನಾ ಸಾಧನಗಳ ವಿಷಯದಲ್ಲಿ ಆ ಒಪ್ಪಿಗೆಯ ಅಧಿಕಾರವನ್ನು 2025ರ ಜೂನ್ ಆದೇಶ ಸಂಸ್ಥೆಯ ನಿರ್ದೇಶಕರಿಗೆ, ಕುಲಪತಿಗಳಿಗೆ ಕೊಟ್ಟಿತು. ಅದಕ್ಕೂ ಮುನ್ನ ಇಂಥ ಒಪ್ಪಿಗೆಗಾಗಿ ಕಡತಗಳು ದೆಹಲಿಗೆ ಹೋಗಿ ಬರುವಷ್ಟರಲ್ಲಿ ದರಪಟ್ಟಿಯ ಅವಧಿಯೇ ಮುಗಿಯುತ್ತಿತ್ತು. ಮೇಕ್ ಇನ್ ಇಂಡಿಯಾ ಆದೇಶದಂತೆ ಶೇ. 50ಕ್ಕಿಂತ ಕಡಿಮೆಯಿಲ್ಲದ ದೇಶೀಯ ಅಂಶವಿದ್ದವರು ಒಂದನೆಯ ವರ್ಗ, ಶೇ. 20ರಿಂದ 50ರ ಒಳಗಿನವರು ಎರಡನೆಯ ವರ್ಗ. ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಬಿಡ್‌ದಾರರು 2020ರ ಜುಲೈ ಆದೇಶದಂತೆ ಮೊದಲೇ ನೋಂದಣಿ ಮಾಡಿಸಿರಬೇಕು. ಇನ್ನೊಂದು ಮಾತು: ಒಬ್ಬ ಭಾರತೀಯ ಏಜೆಂಟ್ ಒಂದೇ ಟೆಂಡರಿನಲ್ಲಿ ಇಬ್ಬರು ತಯಾರಕರ ಪರವಾಗಿ ಬಿಡ್ ಹಾಕುವಂತಿಲ್ಲ. ಲೆಟರ್‌ಹೆಡ್ ಬೇರೆ, ಫೋನ್ ಸಂಖ್ಯೆ ಒಂದೇ ಎಂಬ ಬಿಡ್‌ಗಳು ಬರುತ್ತವೆ, ಕಣ್ಣಿಡಿ.

## ಅನುಭವಿಗಳ ಪ್ರಶ್ನೆಗಳು

ಆದೇಶ ಕೊಟ್ಟಾಗಿದೆ, ಈಗ ಕಂಪನಿ ಎಂಡ್ ಯೂಸರ್ ಸರ್ಟಿಫಿಕೇಟ್ ಕೇಳುತ್ತಿದೆ. ಇದೇನು?

ಕೆಲವು ಹೈಸ್ಪೀಡ್ ಕ್ಯಾಮೆರಾಗಳು, ಕ್ಷಣಾರ್ಧದ ಎಕ್ಸ್-ರೇ ಚಿತ್ರ ತೆಗೆಯುವ ಫ್ಲಾಶ್ ಎಕ್ಸ್-ರೇ ಮುಂತಾದವು ತಯಾರಕ ದೇಶದ ರಫ್ತು ನಿಯಂತ್ರಣದಲ್ಲಿವೆ. ಯಾರು, ಎಲ್ಲಿ, ಏತಕ್ಕೆ ಬಳಸುತ್ತಾರೆ ಎಂದು ನೀವು ಲಿಖಿತ ಕೊಟ್ಟ ಮೇಲೆಯೇ ಅಲ್ಲಿನ ಸರ್ಕಾರ ಪರವಾನಗಿ ಕೊಡುತ್ತದೆ, ಅದು ತಿಂಗಳುಗಟ್ಟಲೆ ತಡವಾಗಬಹುದು. ಪರವಾನಗಿ ತರುವ ಹೊಣೆ ಯಾರದು, ನಿರಾಕರಣೆಯಾದರೆ ಮುಂಗಡದ ಗತಿಯೇನು, ಆ ವಿಳಂಬಕ್ಕೆ ದಂಡ ಬೀಳುತ್ತದೆಯೇ ಎಂಬ ಮೂರೂ ಟೆಂಡರ್ ದಾಖಲೆಯಲ್ಲಿರಬೇಕಿತ್ತು. ಪ್ರಮಾಣಪತ್ರಕ್ಕೆ ವಿಭಾಗದ ಮುಖ್ಯಸ್ಥರು ಸಹಿ ಹಾಕಿದರೆ ಸಾಲದು; ಸಂಸ್ಥೆಯ ಪರವಾಗಿ ಬದ್ಧರಾಗುವ ಅಧಿಕಾರವಿದ್ದವರ ಸಹಿ ಬೇಕು.

ಕಾಲೇಜಿನಲ್ಲಿ ರಿಸೀವರ್, ಮದ್ದುಗುಂಡು ಇಟ್ಟುಕೊಳ್ಳಲು ಪರವಾನಗಿ ಬೇಕೇ?

ಬೇಕು, ಮತ್ತು ಇದು ಖರೀದಿ ಆದೇಶಕ್ಕಿಂತ ಮುಂಚೆ ಆಗಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಭಾಗಗಳೂ ಸೇರುತ್ತವೆ. 9 ಮಿ.ಮೀ., 7.62 ಮಿ.ಮೀ. ಸೇವಾ ಬೋರ್‌ಗಳೂ (ಸೇನೆ ಬಳಸುವ ನಳಿಕೆಯ ಅಳತೆಗಳು) ಕವಚ ಭೇದಿಸುವ ಗುಂಡುಗಳೂ ನಿಷೇಧಿತ ವರ್ಗದವು. ಅವಕ್ಕೆ ಕೇಂದ್ರದ ಒಪ್ಪಿಗೆ ಬೇಕು. ಸಶಸ್ತ್ರ ಪಡೆಗಳಿಗೆ ಇರುವ ವಿನಾಯಿತಿ ಕಾಲೇಜಿಗೆ ತಾನಾಗಿ ಬರುವುದಿಲ್ಲ. ಬಿಡಿ ಮದ್ದು ಸಂಗ್ರಹಿಸುವುದಾದರೆ ಸ್ಫೋಟಕ ನಿಯಮಗಳು 2008, ಫ್ಲಾಶ್ ಎಕ್ಸ್-ರೇ ಇದ್ದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಗ್ಯಾಸ್ ಗನ್‌ನ ಸಿಲಿಂಡರ್‌ಗಳಿಗೆ ಅವುಗಳದೇ ನಿಯಮ. ಬಹುತೇಕ ಶಿಕ್ಷಣ ಸಂಸ್ಥೆಗಳಿಗೆ ಸೂಕ್ತವಾದದ್ದು ಗ್ಯಾಸ್ ಗನ್ ಮತ್ತು ಅಳತೆಯ ಸಾಧನಗಳನ್ನು ತಾವಿಟ್ಟುಕೊಂಡು, ನಿಜವಾದ ಗುಂಡಿನ ಪರೀಕ್ಷೆಯನ್ನು ಡಿಆರ್‌ಡಿಒ ಅಥವಾ ಅರೆಸೇನಾ ಪಡೆಯ ರೇಂಜಿನಲ್ಲಿ ಒಪ್ಪಂದದ ಮೇರೆಗೆ ಮಾಡುವುದು. ಪ್ರತಿಷ್ಠೆಗಾಗಿ ಎಲ್ಲವನ್ನೂ ತಮ್ಮ ಆವರಣದಲ್ಲೇ ಕೂಡಿಸಹೊರಟವರ ರಿಸೀವರ್ ಮರದ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿರುತ್ತದೆ, ವಾರಂಟಿ ಮುಗಿದಿರುತ್ತದೆ.

ಯಂತ್ರ ಬಂದ ಮೇಲೆ ಒಪ್ಪಿಕೊಳ್ಳುವ ಪರೀಕ್ಷೆ ಹೇಗಿರಬೇಕು?

‘ಸ್ಥಾಪಿಸಲಾಗಿದೆ, ತೃಪ್ತಿಕರವಾಗಿ ನಡೆಯುತ್ತಿದೆ’ ಎಂಬ ರಬ್ಬರ್ ಸ್ಟಾಂಪಿನ ವಾಕ್ಯ ಪರೀಕ್ಷೆಯಲ್ಲ. ನಿಗದಿತ ಗುಂಡಿನಿಂದ ನಿಗದಿತ ಸಂಖ್ಯೆಯಲ್ಲಿ ಹಾರಿಸಿ ನೋಡಬೇಕು. ಎಷ್ಟು ಹಾರಿಕೆ ಬೇಡಿದ ವೇಗದ ಮಿತಿಯೊಳಗೆ ಬಿದ್ದವು, ಗುರಿಯಿಂದ ಎಷ್ಟು ಸರಿದವು, ಎರಡು ವೇಗಮಾಪಕಗಳ ನಡುವೆ ಎಷ್ಟು ವ್ಯತ್ಯಾಸ ಬಂತು, ತಗ್ಗಿನ ಆಳವನ್ನು ಇಬ್ಬರು ಬೇರೆ ಬೇರೆಯಾಗಿ ಅಳೆದರೆ ಎಷ್ಟು ಹೊಂದಿತು? ಈ ನಾಲ್ಕು ಸಂಖ್ಯೆಗಳೂ ಅವುಗಳ ಮಿತಿಯೂ ಟೆಂಡರಿನಲ್ಲೇ ಇರಲಿ. ಆ ಪರೀಕ್ಷೆಗೆ ಬೇಕಾದ ಮದ್ದುಗುಂಡು ಯಾರು ತರಬೇಕು ಎಂಬುದನ್ನೂ ಬರೆಯಿರಿ. ಬರೆಯದ ಕಡೆ ವಿದೇಶದಿಂದ ಬಂದ ಎಂಜಿನಿಯರ್ ಒಂದು ವಾರ ಹೋಟೆಲಿನಲ್ಲಿ ಕೂತು ವಾಪಸ್ ಹೋಗಿದ್ದುಂಟು. ಕೊನೆಯ ಕಂತಿನ ಹಣ ಈ ಪರೀಕ್ಷೆಯ ನಂತರವೇ ಬಿಡುಗಡೆಯಾಗಬೇಕು.

ಮಾರ್ಚ್ ಅಂತ್ಯದೊಳಗೆ ಹಣ ಖರ್ಚಾಗಬೇಕು ಎನ್ನುತ್ತಾರೆ. ಜನವರಿಯಲ್ಲಿ ಶುರು ಮಾಡಿದರೆ ಆಗುತ್ತದೆಯೇ?

ಜಾಹೀರಾತು ಟೆಂಡರಿಗೆ ಕನಿಷ್ಠ ಮೂರು ವಾರ, ವಿದೇಶಿ ಬಿಡ್ ಬೇಕಾದರೆ ನಾಲ್ಕು ವಾರ ಸಮಯ ಕೊಡಬೇಕು. ಆಮೇಲೆ ತಾಂತ್ರಿಕ ಪರಿಶೀಲನೆ, ದರ ತೆರೆಯುವುದು, ಒಪ್ಪಿಗೆ, ಲೆಟರ್ ಆಫ್ ಕ್ರೆಡಿಟ್, ರಫ್ತು ಪರವಾನಗಿ. ಲೆಕ್ಕ ನೀವೇ ಹಾಕಿ. ಯಂತ್ರ ಬರುವ ಮೊದಲೇ ಹಣ ಕೊಟ್ಟು ‘ಖರ್ಚು’ ತೋರಿಸುವ ಉಪಾಯ ಹೇಳಿಕೊಡುವವರು ಆಡಿಟ್ ಬಂದಾಗ ರಜೆಯಲ್ಲಿರುತ್ತಾರೆ. ಅನುದಾನದ ಅವಧಿ ವಿಸ್ತರಿಸಿ ಎಂದು ಡಿಸೆಂಬರ್‌ನಲ್ಲೇ ಪತ್ರ ಬರೆಯಿರಿ.

ಮಹಿಳಾ ಸಿಬ್ಬಂದಿಯ ಜಾಕೆಟ್ ಸಂಶೋಧನೆಗೆ ಬೇರೆ ಸಾಧನ ಬೇಕೇ?

ಹಾರಿಸುವ, ಅಳೆಯುವ ಸಾಧನ ಅದೇ. ಹಿಂಬದಿಯ ಆಕಾರ ಬೇರೆ. ಸಪಾಟಾದ ಜೇಡಿಯ ಮೇಲೆ ಬಾಗಿದ ಕವಚ ಕೂರುವುದಿಲ್ಲ, ನಡುವೆ ಗಾಳಿ ಉಳಿದರೆ ತಗ್ಗಿನ ಅಳತೆ ಸುಳ್ಳಾಗುತ್ತದೆ. ಎನ್‌ಐಜೆ 0101.07ರಲ್ಲಿ ಮಹಿಳೆಯರ ಕವಚಕ್ಕೆ ಸುಧಾರಿತ ವಿಧಾನ ಸೇರಿದೆ. ಹೊಸದಾಗಿ ಇಂಡೆಂಟ್ ಹಾಕುವವರು ಜೇಡಿಯನ್ನು ಬೇಕಾದ ಆಕಾರಕ್ಕೆ ತರುವ ಅಚ್ಚುಗಳನ್ನೂ ಬಾಗಿದ ಮೇಲ್ಮೈಯ ಆಳ ಅಳೆಯಬಲ್ಲ ಲೇಸರ್ ಸ್ಕ್ಯಾನರನ್ನೂ ಪಟ್ಟಿಯಲ್ಲಿಡಲಿ. ಡಿಜಿಟಲ್ ಆಳಮಾಪಕದ ಕಡ್ಡಿ ಸಪಾಟು ಮೇಲ್ಮೈಯನ್ನು ಆಧಾರವಾಗಿ ಬೇಡುತ್ತದೆ, ಇಲ್ಲಿ ಆ ಆಧಾರವೇ ಇರುವುದಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಖಾಸಗಿ ಕಂಪನಿಗಳ ಜಾಕೆಟ್ ಪರೀಕ್ಷಿಸಿ ಶುಲ್ಕ ಪಡೆಯಬಹುದೇ?

ಪ್ರಯೋಗಾಲಯಗಳ ಮಾನಕವಾದ ಐಎಸ್ಒ/ಐಇಸಿ 17025ರಂತೆ ರಾಷ್ಟ್ರೀಯ ಮಾನ್ಯತಾ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಪಡೆದರೆ ವರದಿಗೆ ಬೆಲೆ ಬರುತ್ತದೆ. ಅದಕ್ಕೆ ಪ್ರತಿ ಮಾಪಕದ ಕ್ಯಾಲಿಬ್ರೇಷನ್ ಸರಪಳಿ ರಾಷ್ಟ್ರೀಯ ಮಾನಕದವರೆಗೆ ತಲುಪಬೇಕು, ಅಳತೆಯ ಅನಿಶ್ಚಿತತೆಯನ್ನು ಲೆಕ್ಕ ಹಾಕಿ ಬರೆದಿರಬೇಕು. ಖರೀದಿಯಲ್ಲೇ ಇದನ್ನು ಯೋಚಿಸಿ: ಭಾರತದಲ್ಲಿ ಯಾರೂ ಕ್ಯಾಲಿಬ್ರೇಟ್ ಮಾಡಲಾಗದ ಸಾಧನ ಕೊಂಡರೆ ವರ್ಷಕ್ಕೊಮ್ಮೆ ಅದು ವಿಮಾನ ಹತ್ತಬೇಕು, ಆ ತಿಂಗಳುಗಳಲ್ಲಿ ಪ್ರಯೋಗಾಲಯಕ್ಕೆ ಬೀಗ.

ಹಿತಾಸಕ್ತಿಯ ಘರ್ಷಣೆ ಇನ್ನೂ ಸೂಕ್ಷ್ಮ. ನೀವೇ ವಿನ್ಯಾಸ ಮಾಡಿ ತಂತ್ರಜ್ಞಾನ ಕೊಟ್ಟ ಕಂಪನಿಯ ಜಾಕೆಟ್ಟನ್ನು ನೀವೇ ಪರೀಕ್ಷಿಸಿ ‘ಉತ್ತೀರ್ಣ’ ಎಂದರೆ ಕೊಳ್ಳುವ ಪಡೆ ನಂಬಬೇಕಾಗಿಲ್ಲ. ಅಮೆರಿಕದ ಸೇನೆ 2009ರ ಜನವರಿಯಲ್ಲಿ 16 ಸಾವಿರಕ್ಕೂ ಹೆಚ್ಚು ಜೊತೆ ಕವಚ ಫಲಕಗಳನ್ನು ಹಿಂದಕ್ಕೆ ಕರೆಸಿತು. ಕಾರಣ, ಮೊದಲ ಹಂತದ ಪರೀಕ್ಷೆ ಸರಿಯಾಗಿ ನಡೆದಿತ್ತೇ ಎಂದು ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಎತ್ತಿದ ಪ್ರಶ್ನೆ. ಫಲಕಗಳು ಸುರಕ್ಷಿತವೆಂದೇ ಸೇನೆ ಹೇಳುತ್ತಿತ್ತು. ಆದರೂ ಪರೀಕ್ಷೆಯ ದಾಖಲೆಯ ಮೇಲೆ ಅನುಮಾನ ಬಂದಾಗ ಸರಕನ್ನು ವಾಪಸ್ ತರಿಸದೆ ಬೇರೆ ದಾರಿ ಇರಲಿಲ್ಲ. ಪ್ರತಿ ಹಾರಿಕೆಯ ಕಚ್ಚಾ ಅಂಕಿಗಳನ್ನು, ವಿಫಲವಾದವನ್ನೂ ಸೇರಿಸಿ, ಯಾರೂ ಅಳಿಸಲಾಗದಂತೆ ಉಳಿಸುವ ದತ್ತಾಂಶ ವ್ಯವಸ್ಥೆಯನ್ನು ಸಾಧನದ ಜೊತೆಗೇ, ಅದೇ ಟೆಂಡರಿನಲ್ಲಿ ಕೊಳ್ಳಿ. ಬಿಡಿಯಾಗಿ ಆಮೇಲೆ ಕೊಳ್ಳಹೋದರೆ ಯಂತ್ರದವನು ತನ್ನ ಸಾಫ್ಟ್‌ವೇರ್‌ನ ಕೀಲಿ ಬಿಟ್ಟುಕೊಡುವುದಿಲ್ಲ.